ಟ್ಯಾಂಕಿನ ಕುತ್ತಿಗೆ ಮೇಲಿನ ತಾರೀಖು

ಮಳೆಗಾಲ ಮುಗಿದ ಮೇಲೆ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗಬೇಕು ಅಂತ ನನ್ನ ತಮ್ಮ ಅಟ್ಟದ ಮೇಲಿದ್ದ ಗಾಳಿ ಟ್ಯಾಂಕ್ ಇಳಿಸಿದ. ಬೂದು ಬಣ್ಣದ, 12 ಲೀಟರಿನ ಉಕ್ಕಿನ ಟ್ಯಾಂಕ್. ಧೂಳು ಒರೆಸಿ, ಕುತ್ತಿಗೆಯ ಹತ್ತಿರ ಟಾರ್ಚ್ ಹಿಡಿದು ನೋಡಿದೆವು. ಅಲ್ಲಿ ಕೊರೆದಿದ್ದ ತಾರೀಖಿನ ಪ್ರಕಾರ, ಟ್ಯಾಂಕ್ ಒತ್ತಡ ತಡೆಯುತ್ತದಾ ಅಂತ ನೋಡುವ ಕೊನೆಯ ಟೆಸ್ಟ್ ಆಗಿ ಏಳು ವರ್ಷ ದಾಟಿತ್ತು. ಮತ್ತೆ ಮಾಡಿಸಬೇಕಿತ್ತು.

ಮೊದಲು ವಿಚಾರಿಸಿದ ಅಂಗಡಿಯವರು ಟ್ಯಾಂಕನ್ನು ಮುಟ್ಟಿಯೂ ನೋಡಲಿಲ್ಲ. "ಬಿಟ್ಟು ಹೋಗಿ ಸಾರ್, ಪೇಂಟ್ ಹೊಡೆದು, ಹೊಸ ಡೇಟ್ ಪಂಚ್ ಮಾಡಿ ಇಟ್ಟಿರ್ತೀವಿ" ಅಂದರು. ನನಗೆ ಎದೆ ಝಲ್ಲೆಂದಿತು. ಯಾಕೆ ಅಂತ ಹೇಳುತ್ತೇನೆ.

ಆ ಟ್ಯಾಂಕಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬುತ್ತಾರೆ. ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಕೆಜಿ ಭಾರ. ಅಂದರೆ ಒಳಗಡೆ ಬೆರಳಿನ ಉಗುರಿನಷ್ಟು ಜಾಗವನ್ನು 200 ಕೆಜಿ ಒತ್ತುತ್ತಿರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡೂವರೆ ಬಾರ್ ಅಷ್ಟೇ. ಹೊರಗೆ 2,400 ಲೀಟರ್ ಜಾಗ ಬೇಡುವ ಗಾಳಿಯನ್ನು ಒಂದು ಬಿಂದಿಗೆ ನೀರು ಹಿಡಿಯುವಷ್ಟು ಜಾಗದಲ್ಲಿ ಅದುಮಿ ಇಟ್ಟಿರುತ್ತೇವೆ. ಅದು ಹೊರಗೆ ಬರಲು ಕಾಯುತ್ತಲೇ ಇರುತ್ತದೆ. ಟ್ಯಾಂಕ್ ಸಿಡಿದು ಒಮ್ಮೆಲೇ ಹೊರಬಂದರೆ ಬಿಡುಗಡೆಯಾಗುವ ಶಕ್ತಿಯನ್ನು ಲೆಕ್ಕ ಹಾಕಿ ನೋಡಿದೆ. ಒಂದು ಟನ್ ತೂಕದ ಕಾರನ್ನು ಹದಿನೈದು ಮಹಡಿ ಎತ್ತರಕ್ಕೆ ಎತ್ತುವಷ್ಟು!

ಹಾಗಾದರೆ ಇಂಥದ್ದನ್ನು ಟೆಸ್ಟ್ ಮಾಡುವುದು ಹೇಗೆ? ತಡೆಯುತ್ತಾ ನೋಡೋಣ ಅಂತ ಇನ್ನೂ ಜಾಸ್ತಿ ಗಾಳಿ ತುಂಬಿದರೆ, ತಡೆಯದೇ ಹೋದಾಗ ಟೆಸ್ಟ್ ಮಾಡುವವರೇ ಉಳಿಯುವುದಿಲ್ಲ. ಅದಕ್ಕೇ ನೀರು. ನೀರು ಅದುಮಿದರೆ ಕುಗ್ಗುವುದೇ ಕಡಿಮೆ. 12 ಲೀಟರ್ ನೀರನ್ನು ಟೆಸ್ಟಿಗೆ ಬೇಕಾದ 300 ಬಾರ್‌ನಲ್ಲಿ ಒತ್ತಿದರೂ ಕುಗ್ಗುವುದು ಒಂದು ಕಾಫಿ ಲೋಟದಷ್ಟು. ಕುಗ್ಗದ ವಸ್ತುವಿನಲ್ಲಿ ಶಕ್ತಿ ಕೂಡಿಡಲು ಆಗುವುದಿಲ್ಲ. ಅದೇ ಕಾರಿನ ಲೆಕ್ಕದಲ್ಲಿ ಹೇಳುವುದಾದರೆ, 300 ಬಾರ್ ನೀರಿನಲ್ಲಿ ಅಡಗಿರುವ ಶಕ್ತಿ ಆ ಕಾರನ್ನು ಒಂದು ಗೇಣು ಎತ್ತೀತು. ಟ್ಯಾಂಕ್ ಬಿರುಕು ಬಿಟ್ಟರೂ ನೀರು ಚಿಮ್ಮುತ್ತದೆ, ಒತ್ತಡ ತಟ್ಟನೆ ಇಳಿದುಬಿಡುತ್ತದೆ.

ಕೊನೆಗೆ ಪೀಣ್ಯದ ಒಂದು ಟೆಸ್ಟಿಂಗ್ ಸ್ಟೇಷನ್ನಿಗೆ ಹೋದೆವು. ಈ ಕೆಲಸಕ್ಕೆ ಕೇಂದ್ರ ಸರ್ಕಾರದ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ) ಸಂಸ್ಥೆಯ ಮಾನ್ಯತೆ ಇರಲೇಬೇಕು. ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳನ್ನು ಜಾರಿ ಮಾಡುವವರು ಅವರೇ. ಹೋದ ಕೂಡಲೇ ಮಾನ್ಯತೆ ಪತ್ರ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಅವರೂ ನಿಮ್ಮ ಟ್ಯಾಂಕಿನ ಮೇಲೆ ಪೆಸೊ ಒಪ್ಪಿಗೆ ಇದೆಯಾ ಅಂತ ನೋಡುತ್ತಾರೆ. ಒಪ್ಪಿಗೆ ಇಲ್ಲದ ಸಿಲಿಂಡರಿಗೆ ನಮ್ಮಲ್ಲಿ ಗಾಳಿ ತುಂಬುವಂತಿಲ್ಲ. ವಿದೇಶದಿಂದ ಟ್ಯಾಂಕ್ ತರಬೇಕು ಅಂದುಕೊಂಡಿರುವವರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಅಲ್ಲಿದ್ದ ಹಿರಿಯರೊಬ್ಬರು ಉಳಿದ ಗಾಳಿಯನ್ನು ನಿಧಾನಕ್ಕೆ ಬಿಟ್ಟು, ವಾಲ್ವ್ ಬಿಚ್ಚಿ, ಪುಟ್ಟ ಬಲ್ಬನ್ನು ದಾರದಂಥ ವೈರಿನಲ್ಲಿ ಒಳಗೆ ಇಳಿಬಿಟ್ಟರು. ವಾಲ್ವ್ ತಿರುಗಿಸಿ ಕೂರಿಸುವ ಕುತ್ತಿಗೆಯ ಮರೆಗಳನ್ನು (ಥ್ರೆಡ್) ಒಂದೊಂದಾಗಿ ನೋಡಿದರು. ಆಮೇಲೆ ತೂಕ. ಟ್ಯಾಂಕಿನ ಮೇಲೆ ಕೊರೆದಿರುವ ಖಾಲಿ ತೂಕಕ್ಕಿಂತ ನೂರಕ್ಕೆ ಐದಕ್ಕೂ ಹೆಚ್ಚು ಪಾಲು ಕಡಿಮೆಯಾಗಿದ್ದರೆ ಅಲ್ಲಿಗೇ ಮುಗಿಯಿತು. ಅಷ್ಟು ಲೋಹ ತುಕ್ಕಾಗಿ ಉದುರಿದೆ ಅಂತ ಅರ್ಥ.

ನಂತರ ಟ್ಯಾಂಕಿಗೆ ನೀರು ತುಂಬಿ, ನೀರು ತುಂಬಿದ ಇನ್ನೊಂದು ದಪ್ಪ ಪಾತ್ರೆಯೊಳಗೆ ಇಳಿಸಿ ಮುಚ್ಚಳ ಬಿಗಿದರು. ಪಕ್ಕದಲ್ಲಿ ಗೆರೆ ಹಾಕಿದ ಗಾಜಿನ ಕೊಳವೆ. ಪಂಪ್ ಶುರುವಾಯಿತು. ಒಳಗೆ ಒತ್ತಡ ಏರಿದಂತೆ ಉಕ್ಕಿನ ಟ್ಯಾಂಕ್ ಹಿಗ್ಗುತ್ತದೆ, ಸುತ್ತಲಿನ ನೀರನ್ನು ತಳ್ಳುತ್ತದೆ, ಆ ನೀರು ಕೊಳವೆಯಲ್ಲಿ ಏರುತ್ತದೆ. 300 ಬಾರ್‌ಗೆ ಬಂದಾಗ ಕೊಳವೆ 58 ಮಿಲಿ ತೋರಿಸುತ್ತಿತ್ತು. ಉಕ್ಕು ಹಿಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದು ಅದೇ ಮೊದಲು. ಅರ್ಧ ನಿಮಿಷ ಹಾಗೇ ಹಿಡಿದರು. ನನ್ನ ತಮ್ಮ ಉಸಿರು ಬಿಗಿಹಿಡಿದು ನಿಂತಿದ್ದ.

"ಹಿಗ್ಗಲಿ, ಪರವಾಗಿಲ್ಲ. ವಾಪಸ್ ಬರ್ಬೇಕು ಅಷ್ಟೇ" ಅಂದರು ಅವರು, ವಾಲ್ವ್ ತಿರುಗಿಸುತ್ತಾ.

ಇಡೀ ಪರೀಕ್ಷೆ ಇರುವುದು ಆ ಮಾತಿನಲ್ಲೇ. ಹೊಸ ಎಲಾಸ್ಟಿಕ್ ಎಳೆದು ಬಿಟ್ಟರೆ ಮೊದಲಿನ ಅಳತೆಗೆ ಬರುತ್ತದೆ, ಸವೆದದ್ದು ಜೋತು ಬೀಳುತ್ತದೆ. ಉಕ್ಕೂ ಹಾಗೇ. ಗೋಡೆ ತೆಳುವಾಗಿದ್ದರೆ ಅದೇ ಒತ್ತಡ ಅದಕ್ಕೆ ಮಿತಿ ಮೀರಿದ ಭಾರವಾಗುತ್ತದೆ, ಹಿಗ್ಗಿದ್ದು ಪೂರ್ತಿ ಕುಗ್ಗುವುದಿಲ್ಲ. ಒಟ್ಟು ಹಿಗ್ಗಿದ್ದರಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಗೇ ಉಳಿದರೆ ಫೇಲ್. ನಮ್ಮದು 1 ಮಿಲಿಗೆ ಇಳಿದು ನಿಂತಿತು. ಪಾಸ್.

ಮೂಲೆಯಲ್ಲಿ ಎರಡು ಹೋಳು ಮಾಡಿದ ಸಿಲಿಂಡರ್ ಬಿದ್ದಿತ್ತು. ಮತ್ತೆ ಯಾರೂ ಬೆಸುಗೆ ಹಾಕಿ ಬಳಸಬಾರದು ಅಂತ ಫೇಲಾದದ್ದನ್ನು ಹೀಗೆ ನಾಶ ಮಾಡಲೇಬೇಕು. ಹೊರಗಡೆ ಬಣ್ಣ ಚೆನ್ನಾಗಿಯೇ ಇತ್ತು. ಒಳಗೆ ಬುಡದಲ್ಲಿ ಮಾತ್ರ ಸಿಡುಬಿನ ಕಲೆಯಂಥ ಗುಳಿಗಳು. ನೀರು ನಿಂತ ಗುರುತು ಅಂದರು.

ಗಾಳಿ ಟ್ಯಾಂಕಿಗೆ ನೀರು ಎಲ್ಲಿಂದ? ಗಾಳಿಯಿಂದಲೇ. ಆಗಸ್ಟ್ ತಿಂಗಳ ಬೆಂಗಳೂರಿನ ತೇವದ ಗಾಳಿಯಲ್ಲಿ, ನಮ್ಮ ಟ್ಯಾಂಕಿಗೆ ಒಂದು ಸಲ ತುಂಬುವಷ್ಟರಲ್ಲೇ ಸುಮಾರು 40 ಗ್ರಾಂ ನೀರಿನ ಆವಿ ಇರುತ್ತದೆ. ಕಂಪ್ರೆಸರ್‌ನ ಫಿಲ್ಟರ್ ಅದನ್ನು ಹೀರಿಕೊಳ್ಳಬೇಕು. ಫಿಲ್ಟರ್ ಹಳೆಯದಾದರೆ ನೀರು ಟ್ಯಾಂಕಿಗೆ ಹೋಗುತ್ತದೆ. ತುಕ್ಕು ಹಿಡಿಯುವಾಗ ಉಕ್ಕು ಆಕ್ಸಿಜನ್ ತಿನ್ನುವುದರಿಂದ, ವರ್ಷಗಟ್ಟಲೆ ಮುಚ್ಚಿಟ್ಟ ಟ್ಯಾಂಕಿನ ಗಾಳಿ ಉಸಿರಾಡಲಿಕ್ಕೂ ಅಪಾಯ. ಹಾಗಾಗಿ ಗಾಳಿ ತುಂಬಿಸುವ ಕಡೆ ಫಿಲ್ಟರ್ ಯಾವಾಗ ಬದಲಾಯಿಸಿದ್ದೀರಿ ಅಂತ ಕೇಳಿ. ಡೈವಿಂಗ್ ಮಾಡುವವರು ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿಸಿ ಒಳಗೆ ನೋಡಿಸುತ್ತಾರೆ. ವಾಲ್ವಿನ ಸಂದಿಯಲ್ಲಿ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗನ್ನೂ ಆಗಲೇ ಹೊಸದು ಹಾಕಿಸಬಹುದು.

ಇದು ಡೈವಿಂಗ್ ಮಾಡುವವರಿಗೆ ಮಾತ್ರ ಸೇರಿದ ವಿಷಯವಲ್ಲ. ಸಿಎನ್‌ಜಿ ಕಾರು, ಆಟೋಗಳ ಸಿಲಿಂಡರಿಗೂ 3 ವರ್ಷಕ್ಕೊಮ್ಮೆ ಟೆಸ್ಟ್ ಕಡ್ಡಾಯ. ನಾವು ಅದರ ಮೇಲೆಯೇ ಲಗೇಜು ಇಟ್ಟುಕೊಂಡು ಊರಿಗೆ ಹೋಗುತ್ತೇವೆ ಅಲ್ವಾ?

ಟೆಸ್ಟ್ ಮುಗಿದ ಟ್ಯಾಂಕನ್ನು ತಲೆಕೆಳಗಾಗಿ ನಿಲ್ಲಿಸಿ, ಒಳಗೆ ಬಿಸಿ ಗಾಳಿ ಬಿಟ್ಟು ಒಣಗಿಸಿದರು. ಆಮೇಲೆ ಕುತ್ತಿಗೆಯ ಮೇಲೆ ಅಂಕಿಯ ಅಚ್ಚು ಇಟ್ಟು, ಸುತ್ತಿಗೆಯಿಂದ ಒಂದೊಂದೇ ಅಂಕಿ ಹೊಡೆದರು. ಸರ್ಟಿಫಿಕೇಟಿನ ನಂಬರ್ ಟ್ಯಾಂಕಿನ ನಂಬರಿಗೆ ಹೊಂದುತ್ತದಾ ಅಂತ ತಮ್ಮ ಎರಡು ಸಲ ನೋಡಿಕೊಂಡ. "ಪೂರ್ತಿ ಖಾಲಿ ಮಾಡ್ಬೇಡಪ್ಪಾ, ಒಂದು 40 ಬಾರ್ ಒಳಗೇ ಬಿಡು, ಹೊರಗಿನ ತೇವ ನುಗ್ಗಲ್ಲ" ಅಂತ ಹಿರಿಯರು ಹೇಳಿ ಕಳಿಸಿದರು. ಉರುಳದಂತೆ ಕಾರಿನಲ್ಲಿ ಮಲಗಿಸಿ, ಎರಡೂ ಕಡೆ ಹಳೆಯ ಕಂಬಳಿ ಒತ್ತರಿಸಿ ಮನೆಗೆ ತಂದೆವು.