ಗೊತ್ತಿದೆ, ಬರೆಯೋಕೆ ಬರ್ತಿಲ್ಲ

ಐದನೇ ಕ್ಲಾಸಿನ ಹುಡುಗ ಬೋರ್ಡಿನ ಮೇಲಿನ ‘ಶಕ್ತಿ’ಯನ್ನು ‘ಶಕಿತ’ ಎಂದು ಓದಿದರೆ ಇಡೀ ತರಗತಿ ನಗುತ್ತದೆ. ಆ ತಪ್ಪನ್ನು ಒಂದು ಗಳಿಗೆ ನಿಂತು ನೋಡಬೇಕು. ಕಣ್ಣಿಗೆ ಕಂಡ ಕ್ರಮದಲ್ಲೇ ಅವನು ಓದಿದ್ದಾನೆ: ಮೊದಲು ಶ, ಆಮೇಲೆ ಗುಡಿಸು ಇರುವ ಕ, ಅದರ ಬುಡದಲ್ಲಿ ತ ಒತ್ತು. ‘ಇ’ ಸ್ವರ ಕೇಳಿಸುವುದು ತಕಾರದ ನಂತರ, ಬರೆಯುವುದು ಮಾತ್ರ ಕಕಾರದ ನೆತ್ತಿಯ ಮೇಲೆ. ‘ಸೂರ್ಯ’ದಲ್ಲಿ ಇನ್ನೊಂದು ತೊಡಕು. ನಾಲಿಗೆ ಮೊದಲು ನುಡಿಯುವ ರಕಾರ ಕಾಗದದ ಮೇಲೆ ಯಕಾರದ ನಂತರ ಅರ್ಕಾವತ್ತಾಗಿ ಕೂರುತ್ತದೆ. ದೊಡ್ಡವರಿಗೆ ಇದೆಲ್ಲ ರೂಢಿಯಾಗಿ ಹೋಗಿದೆ, ಹಾಗಾಗಿ ಕಷ್ಟ ಕಾಣುವುದೇ ಇಲ್ಲ.

ಕನ್ನಡ ಬರೆದಂತೆ ಓದುವ ಭಾಷೆ, ಇಂಗ್ಲಿಷಿನ ಸ್ಪೆಲಿಂಗ್ ಕಾಟ ನಮಗಿಲ್ಲ ಎಂದು ಹೆಮ್ಮೆ ಪಡುತ್ತೇವೆ. ಬಹುಮಟ್ಟಿಗೆ ನಿಜವೇ. ಆದರೆ ವರ್ಣಮಾಲೆಯ 49 ಅಕ್ಷರಗಳಿಗೆ ಕಾಗುಣಿತವನ್ನೂ ಒತ್ತಕ್ಷರವನ್ನೂ ಸೇರಿಸಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು ಆಗುತ್ತವೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿದ್ದ ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯಲ್ಲೂ ಮುಂದುವರಿದಿರುತ್ತದೆ. ‘ಕಿ’ ಒಳಗೆ ‘ಕ್’ ಮತ್ತು ‘ಇ’ ಎಂಬ ಎರಡು ಧ್ವನಿಗಳಿವೆ ಎಂಬ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ. ಪಠ್ಯಪುಸ್ತಕ ಅಷ್ಟು ಹೊತ್ತು ಕಾಯುವುದಿಲ್ಲ. ಎಲ್ಲ ಮಕ್ಕಳಿಗೂ ಏರು ದಾರಿಯೇ ಇದು. ಡಿಸ್ಲೆಕ್ಸಿಯಾ ಇರುವ ಮಗು ಅಲ್ಲೇ ಉಳಿದುಬಿಡುತ್ತದೆ.

ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ ಹಿಡಿದು ಅಕ್ಷರಕ್ಕೆ ಜೋಡಿಸುವ ಕೆಲಸ ಇಂಥ ಹೆಚ್ಚಿನ ಮಕ್ಕಳಿಗೆ ಸಲೀಸಾಗಿ ಆಗುವುದಿಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ಲೆಕ್ಕದಲ್ಲಿ ಚುರುಕು, ಆದರೆ ಸ್ವಂತ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇವನೇ ಶಾಲೆಗೆ ಜಾಣ ಅಂತ ಅವನ ಮೇಷ್ಟ್ರು ಹೇಳಿದ್ದರಂತೆ. ಇಷ್ಟು ವರ್ಷಗಳಾದರೂ ಅಂಥ ಮಗುವಿಗೆ ನಮ್ಮಲ್ಲಿ ಮೊದಲು ಸಿಗುವ ಹೆಸರು ‘ಸೋಮಾರಿ’. ನನಗೆ ಸಂಕಟವಾಗುವುದು ಅಲ್ಲಿಯೇ.

ಬೋರ್ಡಿನಿಂದ ನೋಟ್ಸ್ ಇಳಿಸಿಕೊಳ್ಳುವ ಮಗುವಿನ ಪಕ್ಕದಲ್ಲಿ ಕೂತು ನೋಡಿ. ಬೇರೆಯವರು ಒಂದು ಸಲ ತಲೆಯೆತ್ತಿ ನಾಲ್ಕು ಪದ ಹೊತ್ತು ತರುತ್ತಾರೆ. ಈ ಮಗು ಅರ್ಧ ಪದ ತರುತ್ತದೆ, ಬರೆಯುತ್ತದೆ, ಮತ್ತೆ ತಲೆಯೆತ್ತುತ್ತದೆ, ಎಲ್ಲಿದ್ದೆ ಎಂದು ಹುಡುಕುತ್ತದೆ. ಅಷ್ಟರಲ್ಲಿ ಮಿಸ್ ಬೋರ್ಡು ಒರೆಸಿರುತ್ತಾರೆ. ದ್ಯುತಿಸಂಶ್ಲೇಷಣೆ ಅಂದರೇನು ಎಂದು ಬಾಯಲ್ಲಿ ಕೇಳಿದರೆ ಎಲೆ, ಬಿಸಿಲು, ನೀರು ಎಲ್ಲ ಸರಿಯಾಗಿ ಹೇಳೀತು. ಆದರೆ ನೋಟ್ಸ್ ಅರ್ಧ, ಅಂಕ ಅದಕ್ಕಿಂತ ಕಡಿಮೆ. ವಿಜ್ಞಾನದ ಪರೀಕ್ಷೆ ಅಲ್ಲಿ ಅಳೆದದ್ದು ವಿಜ್ಞಾನವನ್ನಲ್ಲ. ನೋಟ್ಸಿನ ಜೆರಾಕ್ಸ್ ಕೊಟ್ಟು, ಉತ್ತರವನ್ನು ಬಾಯಲ್ಲಿ ಕೇಳಿದರೆ ಪಾಠದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಇದು ಬೇರೆ ಮಕ್ಕಳಿಗೆ ಅನ್ಯಾಯ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಓದು-ಬರಹವನ್ನು ಕಲಿಸುವುದನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅದನ್ನು ಬೇರೆಯಾಗಿ, ನಿಧಾನವಾಗಿ, ಧ್ವನಿ ಬಿಡಿಸಿ ತೋರಿಸಿ ಕಲಿಸಲೇಬೇಕು.

ಎಡಿಎಚ್‌ಡಿ ಎಂಬ, ಗಮನ ನಿಲ್ಲದ ತೊಂದರೆಯಿರುವ ಮಕ್ಕಳ ವಿಷಯವೂ ಹೀಗೆಯೇ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಮಕ್ಕಳ ಮಿದುಳಿನ ಚಿತ್ರಗಳನ್ನು ಹೋಲಿಸಿದರು. ಮಿದುಳಿನ ಹೊರಪದರದ ಅರ್ಧದಷ್ಟು ಭಾಗ ಗರಿಷ್ಠ ದಪ್ಪ ಮುಟ್ಟುವುದು ಸಾಮಾನ್ಯವಾಗಿ ಏಳೂವರೆ ವರ್ಷಕ್ಕಾದರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹತ್ತೂವರೆಗೆ. ಬೆಳವಣಿಗೆಯ ಕ್ರಮ ಹೆಚ್ಚುಕಡಿಮೆ ಒಂದೇ, ತಡ ಮಾತ್ರ. ‘ಪುಸ್ತಕ ತೆಗೀರಿ, 42ನೇ ಪುಟ, ಮೂರನೇ ಪ್ರಶ್ನೆ ಬಿಟ್ಟು ಉಳಿದದ್ದನ್ನ ಕಾಪಿ ಮಾಡಿ, ಮುಗಿದ ಮೇಲೆ ಮೇಜಿನ ಮೇಲೆ ಇಡಿ’ ಎಂದು ಒಂದೇ ಉಸಿರಿಗೆ ಹೇಳಿದರೆ ಇಂಥ ಮಗುವಿನ ತಲೆಯಲ್ಲಿ ಪುಸ್ತಕವಷ್ಟೇ ಉಳಿದಿರುತ್ತದೆ. ಒಂದೊಂದಾಗಿ ಹೇಳಿ, ಬೋರ್ಡಿನ ಮೂಲೆಯಲ್ಲಿ ಪುಟಸಂಖ್ಯೆ ಬರೆದಿಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಸದ್ದಿಲ್ಲದೆ ಕಿಟಕಿಯಾಚೆ ನೋಡುತ್ತಾ ಕೂರುವ ಹುಡುಗಿಯರಲ್ಲೂ ಎಡಿಎಚ್‌ಡಿ ಇರಬಹುದು. ಗಲಾಟೆ ಮಾಡದ ಕಾರಣ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಅಮೆರಿಕದ ತರಗತಿಗಳಲ್ಲಿ ಗುರುತಿಸಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ನಿಧಾನದ ಮಕ್ಕಳೂ ಬಾಯಿಬಿಟ್ಟರು. ಇದಕ್ಕೆ ಕಾಸು ಖರ್ಚಿಲ್ಲ. ತೊದಲುವ ಮಗುವಿಗಂತೂ ಆ ಮೂರು ಸೆಕೆಂಡು ಬಹಳ ದೊಡ್ಡದು.

ಮಾತಿನ ತೊಂದರೆ ಬೆಂಗಳೂರಿನಲ್ಲಿ ಇನ್ನಷ್ಟು ಗೋಜಲು. ಮನೆಯಲ್ಲಿ ತೆಲುಗೋ ಉರ್ದುವೋ ತಮಿಳೋ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ತರಗತಿಯಲ್ಲಿ ಮಗು ಸುಮ್ಮನಿದ್ದರೆ ‘ಭಾಷೆ ಬರಲ್ಲ, ಬಿಡಿ’ ಎನ್ನುತ್ತಾರೆ, ಇಲ್ಲವೇ ‘ಮನೇಲಿ ಇಂಗ್ಲಿಷೇ ಮಾತಾಡಿ’ ಎಂದು ತಾಯಿಗೆ ಹೇಳಿ ಕಳಿಸುತ್ತಾರೆ. ಎರಡೂ ತಪ್ಪು. ಹಲವು ಭಾಷೆ ಕೇಳಿದ್ದರಿಂದ ಭಾಷಾ ತೊಂದರೆ ಹುಟ್ಟುವುದಿಲ್ಲ. ನಿಜವಾದ ತೊಂದರೆಯಿದ್ದರೆ ಅದು ಮನೆಮಾತಿನಲ್ಲೂ ಕಾಣಿಸುತ್ತದೆ. ಅಜ್ಜಿಯ ಹತ್ತಿರ ತೆಲುಗಿನಲ್ಲಿ ಉದ್ದುದ್ದ ಕತೆ ಹೇಳುವ ಮಗುವಿಗೆ ಬೇಕಿರುವುದು ಶಾಲೆಯ ಭಾಷೆ ಕಲಿಯಲು ಸಮಯ. ತೆಲುಗಿನಲ್ಲೂ ವಾಕ್ಯ ಕೂಡಿಸಲಾಗದ ಮಗುವನ್ನು ವಾಕ್ ಮತ್ತು ಶ್ರವಣ ತಜ್ಞರಿಗೆ ತೋರಿಸಬೇಕು.

1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆ ಅದನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿತು. ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ನಿಮ್ಹಾನ್ಸ್‌ನಲ್ಲಿ ಕಲಿಕಾ ನ್ಯೂನತೆಯ ತಪಾಸಣೆ ಆಗುತ್ತದೆ. ಎಸ್ಸೆಸ್ಸೆಲ್ಸಿ ತಲೆಯ ಮೇಲೆ ಬಂದಾಗ ಸರ್ಟಿಫಿಕೇಟಿಗೆ ಓಡುವುದಕ್ಕಿಂತ ಮೂರನೇ, ನಾಲ್ಕನೇ ಕ್ಲಾಸಿನಲ್ಲೇ ಹೋಗುವುದು ಒಳ್ಳೆಯದು. ತರಗತಿಯಲ್ಲಿ ಪ್ರಶ್ನೆಪತ್ರಿಕೆ ಓದಿ ಹೇಳುವುದಕ್ಕೆ, ಮುಂದಿನ ಬೆಂಚಿನಲ್ಲಿ ಕೂರಿಸುವುದಕ್ಕೆ ಯಾವ ಸರ್ಟಿಫಿಕೇಟೂ ಬೇಕಿಲ್ಲ. ತಪಾಸಣೆಗೆ ಹೋಗುವಾಗ ಮಗುವಿನ ಹಳೆಯ ನೋಟ್‌ಬುಕ್ಕುಗಳನ್ನು, ಕೆಂಪು ಶಾಯಿಯ ಗೀಟುಗಳಿರುವ ಉಕ್ತಲೇಖನದ ಹಾಳೆಗಳನ್ನೂ ಸೇರಿಸಿ, ಜೊತೆಗೆ ಒಯ್ಯಿರಿ. ಯಾವ ಅಕ್ಷರದಲ್ಲಿ, ಯಾವಾಗಿನಿಂದ ತೊಡಕು ಶುರುವಾಯಿತು ಎಂಬುದು ತಜ್ಞರಿಗೆ ಅದರಲ್ಲೇ ಸಿಗುತ್ತದೆ.