‘ಪದ ಸಿಗಲಿಲ್ಲ’ ಎನ್ನುವ ನಿಘಂಟು

ನಿಘಂಟು ತಂತ್ರಾಂಶದಲ್ಲಿ ಒಂದು ಪದ ಬರೆದು ಹುಡುಕಿದಾಗ ‘ಪದ ಸಿಗಲಿಲ್ಲ’ ಎಂಬ ಉತ್ತರ ಬಂದರೆ ಹೆಚ್ಚಿನವರು ನಿಘಂಟನ್ನು ಬೈದುಕೊಂಡು ಇನ್ನೊಂದನ್ನು ಇಳಿಸಿಕೊಳ್ಳುತ್ತಾರೆ. ಅಲ್ಲೂ ಸಿಗದಿದ್ದರೆ ಮೂರನೆಯದು. ಕೊನೆಗೆ ಮೊಬೈಲಿನ ತುಂಬ ನಿಘಂಟುಗಳು, ಪದ ಮಾತ್ರ ನಾಪತ್ತೆ. ಎಷ್ಟೋ ಸಲ ಆ ಪದ ಮೊದಲನೆಯ ನಿಘಂಟಿನಲ್ಲೇ ಇರುತ್ತದೆ. ಅರ್ಥಗಳನ್ನು ಕೂಡಿಡುವುದು ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ನಾವು ಬರೆದ ಪದವೂ ತನ್ನೊಳಗಿರುವ ಪದವೂ ಒಂದೇ ಎಂದು ಗುರುತಿಸುವುದರಲ್ಲಿ ಅದು ಸೋಲುತ್ತದೆ. ಎಲ್ಲಿ ಸೋಲುತ್ತದೆ ಎಂದು ತಿಳಿದವರಿಗೆ ಅದೇ ನಿಘಂಟಿನಿಂದ ಹೆಚ್ಚು ಕೆಲಸ ತೆಗೆಯಲು ಬರುತ್ತದೆ.

ಸ್ಟಾರ್‌ಡಿಕ್ಟ್ ಎಂಬ ಮುಕ್ತ ತಂತ್ರಾಂಶದ ಕಡತಗಳನ್ನು ನೋಡಿದರೆ ನಿಘಂಟಿನ ಒಳರಚನೆ ಎಷ್ಟು ಸರಳ ಎಂಬುದು ತಿಳಿಯುತ್ತದೆ. ಗೋಲ್ಡನ್‌ಡಿಕ್ಟ್‌ನಂಥ ಬೇರೆ ತಂತ್ರಾಂಶಗಳೂ ಹಲವು ಮೊಬೈಲ್ ಆ್ಯಪ್‌ಗಳೂ ಇವೇ ಕಡತಗಳನ್ನು ಓದುತ್ತವೆ. ಒಂದು ನಿಘಂಟು ಎಂದರೆ ಮುಖ್ಯವಾಗಿ ಮೂರು ಕಡತಗಳು. ಮೊದಲನೆಯದರಲ್ಲಿ ಹೆಸರು, ಪದಗಳ ಸಂಖ್ಯೆ ಮುಂತಾದ ವಿವರ. ಮೂರನೆಯದರಲ್ಲಿ ಎಲ್ಲ ಅರ್ಥಗಳು ಒಂದರ ಹಿಂದೊಂದು, ನಡುವೆ ಗೋಡೆಯೇ ಇಲ್ಲದೆ. ಎರಡನೆಯದು ಸೂಚಿ. ಅದರಲ್ಲಿ ಪ್ರತಿ ಪದದ ಬೆನ್ನಿಗೆ ಪದ ಮುಗಿಯಿತೆಂದು ಹೇಳಲು ಸೊನ್ನೆ ಬೆಲೆಯ ಒಂದು ಬೈಟ್ (ಕಂಪ್ಯೂಟರಿನಲ್ಲಿ ಜಾಗದ ಅಳತೆ), ಅರ್ಥ ಎಲ್ಲಿಂದ ಶುರುವಾಗುತ್ತದೆ ಎನ್ನಲು ನಾಲ್ಕು ಬೈಟ್, ಎಷ್ಟು ಉದ್ದವಿದೆ ಎನ್ನಲು ಇನ್ನು ನಾಲ್ಕು. ಕನ್ನಡದ ಒಂದೊಂದು ಸಂಕೇತಕ್ಕೆ, ಅಂದರೆ ಒಂದು ಅಕ್ಷರಕ್ಕೋ ಅದಕ್ಕೆ ಸೇರುವ ಚಿಹ್ನೆಗೋ, ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ಆರು ಸಂಕೇತಗಳ ಪದಕ್ಕೆ 18, ಮೇಲಿನ 9 ಸೇರಿದರೆ 27. ಒಂದು ಲಕ್ಷ ಪದಗಳ ಸೂಚಿ 27 ಲಕ್ಷ ಬೈಟ್‌ಗಳಲ್ಲಿ ಮುಗಿಯಿತು. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ಹೆಚ್ಚು ಜಾಗ ತಿನ್ನಬಹುದು. ಅರ್ಥಗಳ ಕಡತವನ್ನು ಕುಗ್ಗಿಸಿ ಇಡುವಾಗಲೂ ಒಂದು ಉಪಾಯವಿದೆ. ಇಡೀ ಕಡತವನ್ನು ಒಟ್ಟಿಗೆ ಕುಗ್ಗಿಸದೆ 64 ಕಿಲೊಬೈಟ್‌ಗಿಂತ ಚಿಕ್ಕ ತುಂಡುಗಳಾಗಿ ಮಾಡಿ ಒಂದೊಂದನ್ನೂ ಬೇರೆಬೇರೆಯಾಗಿ ಕುಗ್ಗಿಸುತ್ತಾರೆ. ಒಂದು ಪದದ ಅರ್ಥ ಬೇಕಾದಾಗ ಆ ತುಂಡನ್ನಷ್ಟೇ ಬಿಚ್ಚಿದರೆ ಸಾಕು.

ಲಕ್ಷ ಪದಗಳ ಪಟ್ಟಿಯನ್ನು ತಂತ್ರಾಂಶ ಮೊದಲಿನಿಂದ ಓದುತ್ತ ಬರುವುದಿಲ್ಲ. ನಟ್ಟನಡುವಿನ ಪದವನ್ನು ನೋಡುತ್ತದೆ, ನಮ್ಮ ಪದ ಅದಕ್ಕಿಂತ ಮೊದಲು ಬರಬೇಕೋ ಆಮೇಲೋ ಎಂದು ತೀರ್ಮಾನಿಸಿ ಅರ್ಧ ಪಟ್ಟಿಯನ್ನು ಕೈಬಿಡುತ್ತದೆ, ಉಳಿದರ್ಧದ ನಡುವಿಗೆ ಹೋಗುತ್ತದೆ. ಹೆಚ್ಚೆಂದರೆ 17 ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಪದಗಳು ಎರಡು ಲಕ್ಷವಾದರೂ 18ನೆಯ ಹೋಲಿಕೆಯೊಂದು ಕೂಡಿಕೊಳ್ಳುತ್ತದೆ, ಅಷ್ಟೆ. ಆದರೆ ಪಟ್ಟಿ ಜೋಡಿಸಿದವರೂ ಹುಡುಕುವ ತಂತ್ರಾಂಶವೂ ಒಂದೇ ಅಕ್ಷರಕ್ರಮವನ್ನು ಒಪ್ಪಿರಬೇಕು. ಕನ್ನಡ ವರ್ಣಮಾಲೆಯಲ್ಲಿ ‘ಳ’ ಕಟ್ಟಕಡೆಯ ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಕೋಷ್ಟಕದಲ್ಲಿ ಅದು ‘ಲ’ ಪಕ್ಕದಲ್ಲೇ, ‘ವ’ಕ್ಕಿಂತ ಮೊದಲೇ ಕುಳಿತಿದೆ. ವರ್ಣಮಾಲೆಯ ಪ್ರಕಾರ ಜೋಡಿಸಿದ ಪಟ್ಟಿಯಲ್ಲಿ ‘ಹವೆ’ ಮೊದಲು, ‘ಹಳೆ’ ಆಮೇಲೆ. ಕೋಷ್ಟಕದ ಪ್ರಕಾರ ಹೋಲಿಸುವ ತಂತ್ರಾಂಶ ‘ಹಳೆ’ಯನ್ನು ಹುಡುಕುತ್ತ ‘ಹವೆ’ಯ ಹತ್ತಿರ ಬಂದಿದೆ ಎಂದುಕೊಳ್ಳಿ. ತನಗೆ ಬೇಕಾದದ್ದು ಹಿಂದೆಯೇ ಇರಬೇಕು ಎಂದು ಅದು ಹಿಂದಕ್ಕೆ ತಿರುಗುತ್ತದೆ. ಪದ ಇರುವುದು ಎರಡೇ ಹೆಜ್ಜೆ ಮುಂದೆ. ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ, ಯಾರ ತಪ್ಪೂ ಅಲ್ಲ ಎಂಬಂತೆ. ಹಾಗಾಗಿ ಎಚ್ಚರದಿಂದ ಮಾಡಿದ ನಿಘಂಟುಗಳು ಹುಡುಕಲು ಒಂದು ಕ್ರಮ, ಓದುಗರಿಗೆ ತೋರಿಸಲು ವರ್ಣಮಾಲೆಯ ಕ್ರಮ ಎಂದು ಎರಡನ್ನೂ ಇಟ್ಟುಕೊಂಡಿರುತ್ತವೆ.

ಕ್ರಮ ಸರಿಯಿದ್ದರೂ ಅಕ್ಷರಗಳೇ ಕೈಕೊಡುತ್ತವೆ. ‘ಕೋಟೆ’ ಎಂಬ ಪದವನ್ನು ಕಂಪ್ಯೂಟರಿನಲ್ಲಿ ಎರಡು ರೀತಿಯಲ್ಲಿ ಇಡಬಹುದು. ‘ಕ’, ಓಕಾರದ ಚಿಹ್ನೆ, ‘ಟ’, ಎಕಾರದ ಚಿಹ್ನೆ ಎಂದು ನಾಲ್ಕು ಸಂಕೇತಗಳಲ್ಲಿ ಇಡುವುದು ಒಂದು ರೀತಿ. ಓಕಾರವನ್ನೇ ಬಿಡಿಸಿ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರಾಗಿ ಬರೆದರೆ ಒಟ್ಟು ಆರು ಸಂಕೇತಗಳು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣಿಸುತ್ತವೆ, ಒಳಗೆ ಒಂದು 12 ಬೈಟ್, ಇನ್ನೊಂದು 18. ಯುನಿಕೋಡ್ ಇವೆರಡನ್ನೂ ಸಮಾನವೆಂದೇ ಹೇಳುತ್ತದೆ, ಒಂದನ್ನು ಇನ್ನೊಂದಕ್ಕೆ ಬದಲಿಸುವ ನಿಯಮವನ್ನೂ ಕೊಟ್ಟಿದೆ. ಆ ನಿಯಮವನ್ನು ಹುಡುಕುವ ಮೊದಲು ಅನ್ವಯಿಸುವ ಶ್ರಮವನ್ನು ತಂತ್ರಾಂಶ ಬರೆದವರು ತೆಗೆದುಕೊಂಡಿರಬೇಕು. ಕಣ್ಣಿಗೆ ಕಾಣದ ಸಂಕೇತಗಳದ್ದು ಇನ್ನೊಂದು ಕಾಟ. ‘ಸಾಫ್ಟ್‌ವೇರ್’ ಎಂಬಲ್ಲಿ ‘ವೇ’ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಸಂಕೇತವಿದೆ. ‘ರ‍್ಯಾಂಕ್’ ಎಂಬಲ್ಲಿ ‘ರ’ ಅರ್ಕಾವತ್ತಾಗದಂತೆ ತಡೆಯಲು ಅಂಥದ್ದೇ ಮತ್ತೊಂದು. ನಿಘಂಟಿನಲ್ಲಿ ಅದು ಇದ್ದು ನಾವು ಬರೆದದ್ದರಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಪದಗಳೇ. ಇದನ್ನು ದಾಟುವ ಉಪಾಯ ಬಹಳ ಸುಲಭ. ಪದವನ್ನು ಪೂರ್ತಿ ಬರೆಯಬೇಡಿ. ಮೊದಲ ಎರಡು ಮೂರು ಅಕ್ಷರ ಬರೆದು ನಿಲ್ಲಿಸಿ, ಕೆಳಗೆ ಮೂಡುವ ಪಟ್ಟಿಯಿಂದ ಆರಿಸಿಕೊಳ್ಳಿ.

ಹಳೆಯ ಕಡತಗಳಿಂದ ಪದ ನಕಲಿಸಿ ಅಂಟಿಸುವವರಿಗೆ ಇನ್ನೂ ದೊಡ್ಡ ಆಘಾತ ಕಾದಿರುತ್ತದೆ. ಯುನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ಕಡತಗಳಲ್ಲಿ ಅಕ್ಷರಗಳು ಕನ್ನಡವೆಂದೇ ದಾಖಲಾಗಿರುವುದಿಲ್ಲ. ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳಿಂದ ಅವನ್ನು ಸಿದ್ಧಪಡಿಸಲಾಗಿದೆ. ಓದಲು ಕನ್ನಡ, ಅಂಟಿಸಿದರೆ ಗೊಂದಲದ ಗೂಡು. ಪಿಡಿಎಫ್ ಪುಟಗಳಲ್ಲಿ ಇದು ಈಗಲೂ ಎದುರಾಗುತ್ತದೆ. ಅಂಥಲ್ಲಿ ಪದವನ್ನು ಕೈಯಾರೆ ಬರೆಯುವುದೇ ಬೇಗ ಮುಗಿಯುವ ದಾರಿ.

ಇಷ್ಟೆಲ್ಲ ಸರಿಪಡಿಸಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಅದಕ್ಕೂ ಕಂಪ್ಯೂಟರಿಗೂ ಸಂಬಂಧವಿಲ್ಲ, ಅದು ಭಾಷೆಯ ಸ್ವಭಾವ. ಅಚ್ಚಾದ ನಿಘಂಟನ್ನು ತೆರೆಯುವವರು ‘ಊರಿನವರಿಗೆಲ್ಲ’ ಎಂಬ ರೂಪವನ್ನು ಹುಡುಕುವುದಿಲ್ಲ. ತಲೆಯೊಳಗೇ ‘ಎಲ್ಲ’ವನ್ನು ಬಿಡಿಸಿ, ‘ಗೆ’ ವಿಭಕ್ತಿಯನ್ನು ತೆಗೆದು, ‘ಅವರು’ ಎಂಬುದನ್ನು ಬೇರ್ಪಡಿಸಿ, ‘ಇನ’ವನ್ನು ಕಳಚಿ ‘ಊರು’ ತಲುಪಿರುತ್ತಾರೆ, ಅಷ್ಟು ಮಾಡಿದ್ದು ಗೊತ್ತೇ ಇಲ್ಲದಂತೆ. ತೆರೆಯ ಮೇಲಿನ ಪದದ ಮೇಲೆ ಬೆರಳೊತ್ತಿ ಅರ್ಥ ಬಯಸುವ ಓದುಗ ಆ ಕೆಲಸವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದ್ದಾನೆ. ಇಂಗ್ಲಿಷಿನಲ್ಲಿ ಪದದ ಕೊನೆಯ ನಾಲ್ಕಾರು ಪ್ರತ್ಯಯಗಳನ್ನು ಕತ್ತರಿಸಿದರೆ ಬಹಳಷ್ಟು ಕೆಲಸ ನಡೆದುಹೋಗುತ್ತದೆ. ಕನ್ನಡ, ತಮಿಳು, ತೆಲುಗು, ತುರ್ಕಿ, ಫಿನ್ನಿಶ್‌ಗಳಲ್ಲಿ ಅಷ್ಟು ಸಾಲದು. ಹನ್‌ಸ್ಪೆಲ್ ಎಂಬ ಕಾಗುಣಿತ ತಪಾಸಕ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅಲ್ಲೂ ಪ್ರತ್ಯಯಗಳು ಸಾಲುಸಾಲಾಗಿ ಅಂಟಿಕೊಳ್ಳುತ್ತವೆ. ಅದರಲ್ಲಿ ಪದಗಳದ್ದೊಂದು ಕಡತ, ಯಾವ ಪ್ರತ್ಯಯ ಎಲ್ಲಿ ಹೇಗೆ ಸೇರಬಹುದು ಎಂಬ ನಿಯಮಗಳದ್ದು ಇನ್ನೊಂದು. ಗೋಲ್ಡನ್‌ಡಿಕ್ಟ್ ತಂತ್ರಾಂಶದಲ್ಲಿ ಬೇಕಾದ ಭಾಷೆಯ ಈ ಎರಡು ಕಡತಗಳನ್ನು ಸೇರಿಸಿದರೆ ಪದರೂಪದಿಂದ ಮೂಲಪದಕ್ಕೆ ಹೋಗುವ ಶಕ್ತಿ ಅದಕ್ಕೆ ಬರುತ್ತದೆ. ತಂತ್ರಾಂಶವನ್ನು ಸ್ಥಾಪಿಸಿ ಈ ಹೆಜ್ಜೆಯನ್ನು ಬಿಟ್ಟುಬಿಡುವುದು, ನನ್ನ ಮಟ್ಟಿಗೆ, ಅರ್ಧ ತಂತ್ರಾಂಶವನ್ನು ಎಸೆದಂತೆ.

ಕತ್ತರಿಸುವ ಉತ್ಸಾಹ ಅತಿಯಾದರೂ ಅಪಾಯವೇ. ‘ಗಳು’ ಕಂಡಲ್ಲೆಲ್ಲ ಬಹುವಚನವೆಂದು ತಿಳಿಯುವ ತಂತ್ರಾಂಶ ‘ತಿಂಗಳು’ ಪದವನ್ನು ‘ತಿಂ’ ಮಾಡಿ ಬಿಸಾಡುತ್ತದೆ. ‘ಬಂದನು’ ಎಂಬುದರಿಂದ ‘ಬರು’ ಎಂಬ ಧಾತುವಿಗೆ ಯಾವ ಕತ್ತರಿಯೂ ಕರೆದೊಯ್ಯದು, ಅದನ್ನು ಹೇಳಿಕೊಟ್ಟಿರಬೇಕು. ‘ಮಳೆಗಾಲ’ದ ಗಕಾರ ಮೂಲದಲ್ಲಿ ಕಕಾರ ಎಂಬ ಆದೇಶ ಸಂಧಿಯ ಪಾಠವನ್ನೂ ಕಲಿಸಬೇಕು. ಇನ್ನು ‘ತಂದೆ’? ಅಪ್ಪನೂ ಆಗಬಹುದು, ‘ತರು’ ಧಾತುವಿನ ಭೂತಕಾಲವೂ ಆಗಬಹುದು. ಒಳ್ಳೆಯ ನಿಘಂಟು ಇಲ್ಲಿ ಜಾಣತನ ತೋರಿಸಲು ಹೋಗದೆ ಎರಡನ್ನೂ ಮುಂದಿಟ್ಟು ಆಯ್ಕೆಯನ್ನು ಓದುಗನಿಗೆ ಬಿಡುತ್ತದೆ.

ಅಚ್ಚಿನ ಪುಸ್ತಕಕ್ಕೆ ಆಗದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಪದದ ಹಿಂದೆ ನಕ್ಷತ್ರ ಚಿಹ್ನೆ ಹಾಕಿ ‘*ಗಾಲ’ ಎಂದು ಹುಡುಕಿದರೆ ಮಳೆಗಾಲ, ಚಳಿಗಾಲ, ಬರಗಾಲಗಳೆಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಹೊಸ ಪದ ಕಟ್ಟುವವರಿಗೂ ಪ್ರಾಸಕ್ಕೆ ತಡಕಾಡುವವರಿಗೂ ಇದೊಂದು ಹಬ್ಬ.

ಕಾಗುಣಿತ ತಪ್ಪಿ ಬರೆದಾಗ ನಿಘಂಟು ‘ಇದಾಗಿರಬಹುದೆ?’ ಎಂದು ಕೇಳುವುದರ ಹಿಂದೆ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಪ್ರಕಟಿಸಿದ ಅಳತೆಯಿದೆ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂಬ ಲೆಕ್ಕ ಅದು. ಆ ಲೆಕ್ಕಕ್ಕೆ ‘ಣ’ದ ಬದಲು ‘ನ’ ಬರೆದರೂ ಒಂದೇ ತಪ್ಪು, ‘ಮ’ ಬರೆದರೂ ಒಂದೇ ತಪ್ಪು. ಕನ್ನಡ ಬರೆಯುವವರಿಗೆ ಗೊತ್ತು, ಎರಡೂ ಒಂದೇ ಅಲ್ಲ. ‘ನ’ ಮತ್ತು ‘ಣ’, ‘ಲ’ ಮತ್ತು ‘ಳ’, ‘ಶ’ ಮತ್ತು ‘ಷ’, ಅಲ್ಪಪ್ರಾಣ ಮತ್ತು ಮಹಾಪ್ರಾಣ ಇವುಗಳ ಅದಲುಬದಲಿಗೆ ಕಡಿಮೆ ದಂಡ ಹಾಕುವಂತೆ ತಿದ್ದಿದರೆ ಸಲಹೆಗಳ ಗುಣಮಟ್ಟ ತಟ್ಟನೆ ಏರುತ್ತದೆ. ಸದ್ದಿನ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವ ಯೋಚನೆ ಹೊಸದೇನಲ್ಲ. ಇಂಗ್ಲಿಷ್ ಹೆಸರುಗಳನ್ನು ಉಚ್ಚಾರಣೆಯ ಹೋಲಿಕೆಯಿಂದ ಗುಂಪು ಮಾಡುವ ಸೌಂಡೆಕ್ಸ್ ಪದ್ಧತಿಗೆ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು, ಇಂದಿನ ಕಂಪ್ಯೂಟರುಗಳು ಹುಟ್ಟುವುದಕ್ಕಿಂತ ಮೊದಲೇ.

ಈಗ ಹಲವು ಭಾಷೆಗಳ ನಿಘಂಟಿಗೆ ಬರೋಣ. ಇಪ್ಪತ್ತು ಭಾಷೆಗಳಲ್ಲಿ ಪ್ರತಿಯೊಂದರಿಂದ ಉಳಿದೆಲ್ಲಕ್ಕೂ ನೇರ ನಿಘಂಟು ಬೇಕೆಂದರೆ 380 ನಿಘಂಟುಗಳನ್ನು ಬರೆಯಬೇಕು. ಇಂಗ್ಲಿಷನ್ನು ನಡುವೆ ನಿಲ್ಲಿಸಿಕೊಂಡರೆ 38 ಸಾಕು. ಈ ಉಳಿತಾಯ ಎಷ್ಟು ದುಬಾರಿ ಎಂಬುದು ನೆಂಟಸ್ತಿಕೆಯ ಪದ ಹುಡುಕಿದಾಗ ತಿಳಿಯುತ್ತದೆ. ಕನ್ನಡದ ‘ಅತ್ತೆ’ ತೆಲುಗಿನಲ್ಲಿ ‘ಅತ್ತ’, ಅಕ್ಕಪಕ್ಕದ ಎರಡು ಭಾಷೆಗಳಿಗೆ ನಡುವೆ ಮಧ್ಯಸ್ಥರೇ ಬೇಕಿಲ್ಲ. ಇಂಗ್ಲಿಷಿನ ಮೂಲಕ ಹೋದರೆ ‘ಅತ್ತೆ’ ‘ಆಂಟ್’ ಆಗಿ, ಆ ಆಂಟ್ ‘ಪಿನ್ನಿ’ ಆಗಿ, ಅಂದರೆ ಚಿಕ್ಕಮ್ಮನಾಗಿ ಬಂದಿಳಿಯಬಹುದು. ಆದ್ದರಿಂದ ಬಹುಭಾಷಾ ನಿಘಂಟಿನಲ್ಲಿ ಸಿಕ್ಕ ಪದವನ್ನು ಒಮ್ಮೆ ತಿರುಗುಮುರುಗು ಹುಡುಕಿ ನೋಡುವುದು ಒಳ್ಳೆಯದು. ಹೊರಟ ಪದಕ್ಕೇ ಮರಳಿದರೆ ಸ್ವಲ್ಪ ನೆಚ್ಚಬಹುದು. ಕೇರಳದ ತಲಶ್ಶೇರಿಯ ಞಾಟ್ಯೇಲ ಶ್ರೀಧರನ್ ಮಲಯಾಳ, ಕನ್ನಡ, ತಮಿಳು, ತೆಲುಗು ಪದಗಳನ್ನು ಇಂಗ್ಲಿಷಿನ ಹಂಗಿಲ್ಲದೆ ಅಕ್ಕಪಕ್ಕ ಇಟ್ಟು ನಿಘಂಟು ಕಟ್ಟಿ 2020ರಲ್ಲಿ ಹೊರತಂದರು. ಅಂಥ ಒಂದು ಕೆಲಸ ಅಂಕೀಯ ರೂಪಕ್ಕೆ ಬಂದರೆ ನೂರು ಆ್ಯಪ್‌ಗಳಿಗಿಂತ ಮೇಲು ಎಂದು ನನಗನಿಸುತ್ತದೆ.

ನಡುವೆ ಭಾಷೆಯ ಬದಲು ಪರಿಕಲ್ಪನೆಯನ್ನೇ ನಿಲ್ಲಿಸುವ ದಾರಿಯೂ ಇದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1985ರಲ್ಲಿ ಆರಂಭಿಸಿದ ವರ್ಡ್‌ನೆಟ್‌ನಲ್ಲಿ ಸಮಾನಾರ್ಥಕ ಪದಗಳೆಲ್ಲ ಒಂದು ಗುಂಪು, ಗುಂಪಿಗೊಂದು ಸಂಖ್ಯೆ. ಭಾರತದ ಭಾಷೆಗಳಿಗಾಗಿ ರೂಪಿಸಿದ ಇಂಡೋವರ್ಡ್‌ನೆಟ್‌ನಲ್ಲಿ ಹಿಂದಿಯ ಗುಂಪುಗಳನ್ನು ಆಧಾರವಾಗಿಟ್ಟುಕೊಂಡು ಕನ್ನಡವೂ ಸೇರಿದಂತೆ ಉಳಿದ ಭಾಷೆಗಳ ಪದಗಳನ್ನು ಅವೇ ಸಂಖ್ಯೆಗಳಿಗೆ ಜೋಡಿಸಿದ್ದಾರೆ. ‘ಕಾಲು’ ಎಂಬುದು ದೇಹದ ಅಂಗವಾಗಿ ಒಂದು ಸಂಖ್ಯೆಯಲ್ಲಿ, ನಾಲ್ಕನೆಯ ಒಂದು ಭಾಗವಾಗಿ ಮತ್ತೊಂದು ಸಂಖ್ಯೆಯಲ್ಲಿ ಕೂರಬಲ್ಲದು. ಅನುವಾದ ಪದದಿಂದ ಪದಕ್ಕಲ್ಲ, ಸಂಖ್ಯೆಯಿಂದ ಪದಕ್ಕೆ.

ಅಂಗೈಯಲ್ಲಿ ಹಿಡಿಯುವ ನಿಘಂಟು ಯಂತ್ರಗಳು 1970ರ ದಶಕದ ಕೊನೆಗೇ ಮಾರುಕಟ್ಟೆಗೆ ಬಂದಿದ್ದವು. ಇಂದಿನ ಮೊಬೈಲಿನಲ್ಲಿ ಜಾಗವೂ ವೇಗವೂ ಸಮಸ್ಯೆಯಲ್ಲ, ಓದುವ ಪುಟ ಬಿಟ್ಟು ಹೋಗದೆ ಅರ್ಥ ನೋಡುವುದು ಹೇಗೆಂಬುದೇ ಪ್ರಶ್ನೆ. ಹಿಂದೆ ಎಷ್ಟೋ ಆ್ಯಪ್‌ಗಳು ನಾವು ನಕಲಿಸಿದ್ದನ್ನೆಲ್ಲ ಹಿನ್ನೆಲೆಯಲ್ಲಿ ಕುಳಿತು ಓದಿ ಅರ್ಥ ತೋರಿಸುತ್ತಿದ್ದವು. ನಕಲಿಸಿದ್ದು ಗುಪ್ತಪದವಾಗಿದ್ದರೆ ಅದನ್ನೂ ಓದುತ್ತಿದ್ದವು ಎಂಬುದು ನೆನಪಿರಲಿ. 2019ರ ಆಂಡ್ರಾಯ್ಡ್ 10 ಆ ಬಾಗಿಲನ್ನು ಮುಚ್ಚಿತು. ಅದಕ್ಕೂ ಮೊದಲೇ, 2015ರ ಆಂಡ್ರಾಯ್ಡ್ 6ರಲ್ಲಿ, ಆಯ್ದ ಪದದ ಮೇಲೆ ಮೂಡುವ ಪಟ್ಟಿಯಲ್ಲಿ ನಿಘಂಟು ತನ್ನ ಹೆಸರನ್ನು ಸೇರಿಸಿಕೊಳ್ಳುವ ಅವಕಾಶ ಬಂದಿತ್ತು. ಪದವನ್ನು ಒತ್ತಿ ಹಿಡಿಯಿರಿ, ‘ನಕಲಿಸು’ ಪಕ್ಕದ ಮೂರು ಚುಕ್ಕಿಗಳನ್ನು ಮುಟ್ಟಿ ನೋಡಿ, ಅಲ್ಲಿರಬಹುದು. ಜಾಲದ ಸಂಪರ್ಕವಿಲ್ಲದೆಯೂ ನಡೆಯುವ ನಿಘಂಟನ್ನೇ ನಾನು ಆರಿಸುತ್ತೇನೆ. ಸಂಪರ್ಕ ಬೇಡುವ ನಿಘಂಟಿಗೆ ನಾವು ಹುಡುಕುವ ಪ್ರತಿ ಪದವೂ ಗೊತ್ತಾಗುತ್ತದೆ, ಕಾಯಿಲೆಯ ಹೆಸರೂ ಸೇರಿ.

ನಿಘಂಟಿಗೂ ವಯಸ್ಸಿದೆ. ಉಚಿತವಾಗಿ ಸಿಗುವ ಹಲವು ನಿಘಂಟುಗಳು ಉಚಿತವಾಗಿರುವುದೇ ಅವುಗಳ ಹಕ್ಕುಸ್ವಾಮ್ಯ ತೀರಿರುವುದರಿಂದ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರದ್ದು. ಮುಕ್ತ ನಿಘಂಟುಗಳಲ್ಲಿ ಮತ್ತೆ ಮತ್ತೆ ಎದುರಾಗುವ ವೆಬ್‌ಸ್ಟರ್ ಇಂಗ್ಲಿಷ್ ನಿಘಂಟು 1913ರದ್ದು. ಅದರ ಪ್ರಕಾರ ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಮನುಷ್ಯ. ಹಳೆಯ ಪಠ್ಯ ಓದುವವರಿಗೆ ಇವು ಅಮೂಲ್ಯ, ಇಂದಿನ ಪತ್ರಿಕೆ ಓದುವವರಿಗೆ ಅಷ್ಟಲ್ಲ. ಯಾವ ನಿಘಂಟಿನ ಅರ್ಥ ಮೊದಲು ಕಾಣಿಸಬೇಕು ಎಂಬ ಕ್ರಮವನ್ನು ಬದಲಿಸಲು ಹೆಚ್ಚಿನ ತಂತ್ರಾಂಶಗಳಲ್ಲಿ ಅವಕಾಶವಿದೆ.

ಯಾವುದರಲ್ಲೂ ಸಿಗದ ಪದಗಳು ಉಳಿದೇ ಉಳಿಯುತ್ತವೆ, ಅದರಲ್ಲೂ ಕಸುಬಿನ ಪದಗಳು. ಅವುಗಳಿಗೆ ನಿಮ್ಮದೇ ನಿಘಂಟು ಮಾಡಿಕೊಳ್ಳಬಹುದು. ಒಂದು ಸಾದಾ ಪಠ್ಯ ಕಡತದಲ್ಲಿ ಸಾಲಿಗೊಂದು ಪದ, ಟ್ಯಾಬ್ ಕೀಲಿ, ಅರ್ಥ ಎಂದು ಬರೆದಿಟ್ಟುಕೊಳ್ಳಿ. ಪೈಗ್ಲಾಸರಿ ಎಂಬ ಮುಕ್ತ ತಂತ್ರಾಂಶ ಅದನ್ನು ಮೇಲೆ ಹೇಳಿದ ಮೂರು ಕಡತಗಳಾಗಿ ಮಾರ್ಪಡಿಸುತ್ತದೆ, ಪದಗಳನ್ನು ಕ್ರಮವಾಗಿ ಜೋಡಿಸುವ ಕೆಲಸವನ್ನೂ ತಾನೇ ನೋಡಿಕೊಳ್ಳುತ್ತದೆ. ಆ ಕಡತಗಳನ್ನು ಮೊಬೈಲಿನ ನಿಘಂಟು ಫೋಲ್ಡರಿಗೆ ಹಾಕಿದರೆ ನಿಮ್ಮ ಪದಗಳೂ ಉಳಿದ ನಿಘಂಟುಗಳ ಪದಗಳ ಜೊತೆಗೇ ಕಾಣಿಸುತ್ತವೆ. ‘ಬರು’ ಪದದ ಸಾಲಿನಲ್ಲಿ ಆ ಪದದ ಬೆನ್ನಿಗೇ ‘ಬಂದ’, ‘ಬರುವ’ದಂಥ ರೂಪಗಳನ್ನೂ ಪರ್ಯಾಯ ಪದಗಳಾಗಿ, ನಡುವೆ ಲಂಬ ಗೆರೆ ಹಾಕಿ ಸೇರಿಸಿ.