ಉಕ್ಕಿನ ಹದ

ಮಿಶ್ರಲೋಹದ ಸಂಶೋಧನೆಯೆಂದರೆ ಹೊಸ ಹೊಸ ಧಾತುಗಳನ್ನು ಬೆರೆಸಿ ನೋಡುವುದೆಂದು ಹಾಸನದ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿರುತ್ತಾರೆ. ಆದರೆ ಈ ವೃತ್ತಿಯಲ್ಲಿ ನನ್ನ ಹೆಚ್ಚಿನ ವರ್ಷಗಳು ಕಳೆದದ್ದು ಬೆರಕೆಯಲ್ಲಲ್ಲ, ಲೋಹವನ್ನು ಕಾಯಿಸಿ ತಣಿಸುವ ಹದದಲ್ಲಿ.

ಮಲೆನಾಡಿನ ಕಮ್ಮಾರರು ತೋಟದ ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಅದರ ಅಂಚು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಅದನ್ನು ಮತ್ತೆ ಮಿತವಾಗಿ ಕಾಯಿಸಿದರೆ ಗಡಸುತನ ತುಸು ಇಳಿದು, ಪೆಟ್ಟು ತಾಳುವ ಗುಣ ಬರುತ್ತದೆ. ಮಾರೇಜಿಂಗ್ ಉಕ್ಕಿನಲ್ಲಿ ಇದು ತಿರುಗುಮುರುಗು. ಸುಮಾರು ಶೇ 18ರಷ್ಟು ನಿಕಲ್, ಜೊತೆಗೆ ಕೋಬಾಲ್ಟ್, ಮಾಲಿಬ್ಡಿನಮ್ ಮತ್ತು ಸ್ವಲ್ಪ ಟೈಟಾನಿಯಮ್ ಇರುವ, ಇಂಗಾಲ ಶೇ 0.03ನ್ನು ಮೀರದ ಈ ಉಕ್ಕು ಕಾಯಿಸಿ ತಣಿಸಿದಾಗ ಮೆದುವಾಗಿಯೇ ಇರುವುದರಿಂದ, ಆಗಲೇ ಅದನ್ನು ಕಡೆಯಬಹುದು, ಬೆಸೆಯಬಹುದು. ಅನಂತರ ಸುಮಾರು 480 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಇಟ್ಟರೆ, ನಿಕಲ್ ಮಾಲಿಬ್ಡಿನಮ್‌ನೊಡನೆಯೂ ಟೈಟಾನಿಯಮ್‌ನೊಡನೆಯೂ ಸೇರಿ ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಒಡಮೂಡಿ, ಹರಳಿನೊಳಗೆ ಪದರಗಳು ಜಾರುವುದನ್ನು ತಡೆಯುತ್ತವೆ. ಉಕ್ಕಿನ ಬಲ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ನಮ್ಮ ಊರಿನ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರದಿಂದ ನಿಗಾ ಇಡಲಾಗುವ ಉಪಗ್ರಹಗಳಲ್ಲಿ ಹಲವನ್ನು ಕಕ್ಷೆಗೆ ಒಯ್ದ ಜಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ಹೊರಕವಚ ಈ ಉಕ್ಕಿನದು.

ಇಷ್ಟನ್ನು ಪಠ್ಯಪುಸ್ತಕವೇ ಹೇಳುತ್ತದೆ. ಹೊತ್ತು ಮೀರಿದರೆ ಅಥವಾ ಶಾಖ ಹೆಚ್ಚಿದರೆ ಕಣಗಳು ದಪ್ಪಗಾಗಿ, ನಡುನಡುವೆ ಆಸ್ಟೆನೈಟ್ ಎಂಬ, ಉಕ್ಕಿನ ಮೆದುವಾದ ಹರಳುರೂಪ ಮರಳಿ ಹುಟ್ಟಿ, ಗಳಿಸಿದ ಬಲ ಕೈಬಿಡುತ್ತದೆಂಬುದೂ ಅದರಲ್ಲಿದೆ. ಆದರೂ ನನ್ನ ವಿದ್ಯಾರ್ಥಿನಿಯೊಬ್ಬರ ಒಂದು ಇಡೀ ಸೆಮಿಸ್ಟರಿನ ಅಳತೆಗಳನ್ನು ನಾವು ಬಿಸಾಡಬೇಕಾಯಿತು. ಕುಲುಮೆಯ ಫಲಕದಲ್ಲಿ 480 ಎಂದಿದ್ದಾಗ, ಹಿಂಗೋಡೆಯ ಬಳಿ ಇಟ್ಟ ತುಂಡುಗಳಿಗೆ ಅದಕ್ಕಿಂತ ಬಹಳ ಹೆಚ್ಚಿನ ಶಾಖ ತಗಲುತ್ತಿತ್ತು. ಶಾಖ ಅಳೆಯುವ ತಂತಿಯಾದ ಥರ್ಮೊಕಪಲ್ಲನ್ನು ತುಂಡಿಗೇ ತಾಗಿಸಿ ಅಳೆಯಬೇಕೆಂದು ಮೊದಲೇ ಹೇಳಬೇಕಾಗಿದ್ದವನು ನಾನು. ಆ ತಪ್ಪು ನನ್ನದು.

ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಈ ಕಣಗಳು ಕಾಣುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಬೆಂಗಳೂರಿನಲ್ಲಿ ಸರದಿ ಕಾದು, ಕಾಗದಕ್ಕಿಂತ ಎಷ್ಟೋ ಪಟ್ಟು ತೆಳ್ಳಗೆ ಮಾಡಿದ ಮಾದರಿಯನ್ನು ಜೋಪಾನವಾಗಿ ಒಯ್ಯಬೇಕು; ತಯಾರಿಕೆ ಕೆಟ್ಟಿದ್ದರೆ ಸಿಕ್ಕ ದಿನವೂ ವ್ಯರ್ಥ. ಆದ್ದರಿಂದ ಪಿಎಚ್‌.ಡಿಗೆ ಸೇರಬಯಸುವವರು ಮಾರ್ಗದರ್ಶಕರು ಪ್ರಕಟಿಸಿದ ಪ್ರಬಂಧಗಳ ಸಂಖ್ಯೆಯನ್ನು ವಿಚಾರಿಸುವ ಮೊದಲು, ಅವರ ಪ್ರಯೋಗಾಲಯದ ಕುಲುಮೆಯ ಶಾಖವನ್ನು ಕೊನೆಯ ಬಾರಿ ಯಾರು, ಯಾವಾಗ ಪರೀಕ್ಷಿಸಿದರೆಂದು ಕೇಳಲಿ.